ಅನುಭವ ಇಲ್ಲದೆ ಮೊದಲ ಕೆಲಸ: ಎಡಿಟಿಂಗ್, ಡಿಸೈನ್, ಕೋಡಿಂಗ್‌ಗೆ ಬರುವವರಿಗೆ ಒಂದು ದಾರಿ

"ಫ್ರೆಷರ್ಸ್ ಬೇಕಾಗಿದ್ದಾರೆ. ಕನಿಷ್ಠ 1 ವರ್ಷ ಅನುಭವ ಇರಬೇಕು." ಇಂಥ ಜಾಹೀರಾತು ನೋಡಿ ನಗಬೇಕೋ ಅಳಬೇಕೋ ಗೊತ್ತಾಗುವುದಿಲ್ಲ. ಆದರೆ ಅದನ್ನು ಬರೆದವರ ತಲೆಯಲ್ಲಿ ಏನಿದೆ ಅಂತ ಒಮ್ಮೆ ಯೋಚಿಸಿ. ಬೆಂಗಳೂರಿನ ಒಂದು ಸಣ್ಣ ಸ್ಟುಡಿಯೊದಲ್ಲಿ ಆರೇಳು ಜನ ಇರುತ್ತಾರೆ. ಹೊಸಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಲು ಯಾರಿಗೂ ಪುರುಸೊತ್ತಿಲ್ಲ. ಅವರ ಭಯ ಇಷ್ಟೇ. ಇವರು ಹೇಳಿದ ದಿನಕ್ಕೆ ಮುಗಿಸುತ್ತಾರಾ? ತಿದ್ದಿ ಅಂದರೆ ಮುಖ ಊದಿಸಿಕೊಳ್ಳುತ್ತಾರಾ? ಫೈಲ್ ಎಲ್ಲಿಟ್ಟಿದ್ದೇನೆ ಅಂತ ಅವರಿಗೇ ಗೊತ್ತಿರುತ್ತದಾ? "1 ವರ್ಷ ಅನುಭವ" ಅನ್ನುವುದು ಈ ಮೂರನ್ನೂ ಒಂದೇ ಸಾಲಿನಲ್ಲಿ ಕೇಳುವ ಸೋಮಾರಿ ವಿಧಾನ.

ಈ ಪ್ರಶ್ನೆಗಳಿಗೆ ಕಂಪನಿಯ ಹೆಸರಿಲ್ಲದೆಯೂ ಉತ್ತರ ಕೊಡಬಹುದು. ಅದಕ್ಕೆ ಬೇಕಾದದ್ದು ನೀವು ಮಾಡಿದ, ಬೇರೆ ಯಾರೋ ನಿಜವಾಗಿ ಬಳಸುತ್ತಿರುವ ಎರಡು ಮೂರು ಕೆಲಸ. ಪದವಿಯೋ ಡಿಪ್ಲೊಮಾವೋ ಮುಗಿಸಿ ಜಿಲ್ಲೆಯಲ್ಲೇ ಕೂತು ಅರ್ಜಿ ಹಾಕುತ್ತಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಬಿ.ಎ., ಬಿ.ಕಾಂ. ಓದಿ ಈ ಕಡೆ ಬರಬೇಕೆನ್ನುವವರಿಗೂ ಇದೇ ದಾರಿ.

1. ಯಾವ ಬಾಗಿಲು ಅಂತ ಮೊದಲು ತೀರ್ಮಾನಿಸಿ

"ಸಾಫ್ಟ್‌ವೇರ್ ಕೆಲಸ ಬೇಕು", "ಸಿನಿಮಾ ಫೀಲ್ಡಿಗೆ ಹೋಗಬೇಕು" ಅಂದರೆ ಯಾರೂ ಸಹಾಯ ಮಾಡಲು ಆಗುವುದಿಲ್ಲ. ಕೆಲಸಕ್ಕೆ ಒಂದು ಹೆಸರಿರಬೇಕು.

ವಿಡಿಯೊದಲ್ಲಿ ಹೊಸಬರಿಗೆ ತೆರೆದಿರುವ ಬಾಗಿಲುಗಳು ಅಸಿಸ್ಟೆಂಟ್ ಎಡಿಟರ್, ರೀಲ್ಸ್ ಕತ್ತರಿಸುವವರು, ಸಬ್‌ಟೈಟಲ್ ಹಾಕುವವರು, ವಿಎಫ್‌ಎಕ್ಸ್ (ಕಂಪ್ಯೂಟರ್‌ನಲ್ಲಿ ದೃಶ್ಯ ಪರಿಣಾಮ ಮಾಡುವ) ಕಂಪನಿಯಲ್ಲಿ ರೋಟೊ ಮಾಡುವವರು. ರೋಟೊ ಅಂದರೆ ನಟನ ಸುತ್ತ ಫ್ರೇಮ್‌ನಿಂದ ಫ್ರೇಮ್‌ಗೆ ಗೆರೆ ಎಳೆದು ಹಿನ್ನೆಲೆಯಿಂದ ಬೇರ್ಪಡಿಸುವ ಕೆಲಸ. ಬೇಸರ ಹಿಡಿಸುತ್ತದೆ, ನಿಜ. ಈಗೀಗ ಯಂತ್ರವೂ ಅದನ್ನು ಮಾಡಲು ಶುರುಮಾಡಿದೆ. ಹಾಗಾಗಿ ಅದರಲ್ಲೇ ಉಳಿಯುವ ಯೋಚನೆ ಬೇಡ, ಆದರೆ ಒಳಗೆ ಕಾಲಿಡಲು ಸಾಕು. ಡಿಸೈನ್‌ನಲ್ಲಿ ಸೋಷಿಯಲ್ ಮೀಡಿಯಾ ಪೋಸ್ಟರ್, ಡಿಟಿಪಿ, ಪ್ಯಾಕೆಟ್ ಮತ್ತು ಲೇಬಲ್ ಕೆಲಸ. ಕೋಡಿಂಗ್‌ನಲ್ಲಿ ಫ್ರಂಟ್ ಎಂಡ್ (ಬಳಸುವವರ ಕಣ್ಣಿಗೆ ಕಾಣುವ ಪುಟದ ಕೋಡ್), ಟೆಸ್ಟಿಂಗ್, ಟೆಕ್ನಿಕಲ್ ಸಪೋರ್ಟ್. ಟೆಸ್ಟಿಂಗ್, ಸಪೋರ್ಟ್ ಅಂದರೆ ಮೂಗು ಮುರಿಯುವವರು ಜಾಸ್ತಿ. ನನ್ನ ಪ್ರಕಾರ ಸಪೋರ್ಟ್‌ನಲ್ಲಿ ಒಂದು ವರ್ಷ ಕೂತವರಿಗೆ ಆ ತಂತ್ರಾಂಶ ಎಲ್ಲೆಲ್ಲಿ ಕೈಕೊಡುತ್ತದೆ ಅಂತ ಅದನ್ನು ಬರೆದವರಿಗಿಂತ ಚೆನ್ನಾಗಿ ಗೊತ್ತಿರುತ್ತದೆ.

ಒಂದು ಸಂಜೆ ಕೂತು ನಿಮಗೆ ಬೇಕಾದ ಹುದ್ದೆಯ ಇಪ್ಪತ್ತು ಜಾಹೀರಾತು ಓದಿ. ಮತ್ತೆ ಮತ್ತೆ ಬರುವ ಪದಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಹೆಚ್ಚು ಸಲ ಬಂದ ಮೂರು ನಾಲ್ಕು ಪದಗಳೇ ನಿಮ್ಮ ಪಠ್ಯಕ್ರಮ. ಉಳಿದದ್ದನ್ನು ಕೆಲಸ ಸಿಕ್ಕಮೇಲೆ ಕಲಿಯಬಹುದು.

2. ಒಂದೇ ಸಾಧನ, ಪೂರ್ತಿ

ದುಡ್ಡಿಲ್ಲ ಅನ್ನುವುದು ಇಲ್ಲಿ ದೊಡ್ಡ ಅಡ್ಡಿಯಲ್ಲ. ಎಡಿಟಿಂಗ್‌ಗೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೇ 4ಕೆ ಅಲ್ಟ್ರಾ ಎಚ್‌ಡಿವರೆಗೆ ಹೊರತೆಗೆಯಬಹುದು, ಮೇಲೆ ವಾಟರ್‌ಮಾರ್ಕ್ ಬರುವುದಿಲ್ಲ. ತ್ರೀಡಿಗೆ ಬ್ಲೆಂಡರ್, ಚಿತ್ರ ಬರೆಯಲು ಕ್ರಿಟಾ, ಲೋಗೊಗೆ ಇಂಕ್‌ಸ್ಕೇಪ್, ಆಡಿಯೊಗೆ ಆಡಾಸಿಟಿ. ಈ ನಾಲ್ಕೂ ಉಚಿತ ಮತ್ತು ಮುಕ್ತ ತಂತ್ರಾಂಶಗಳು, ಅಂದರೆ ಅವುಗಳ ಕೋಡ್ ಎಲ್ಲರಿಗೂ ತೆರೆದಿದೆ. ಆ್ಯಪ್‌ಗಳ ಪರದೆ ವಿನ್ಯಾಸಕ್ಕೆ ಫಿಗ್ಮಾದ ಉಚಿತ ಖಾತೆ ಕಲಿಯುವವರಿಗೆ ಸಾಕಾಗುತ್ತದೆ. ಒಂದು ಎಚ್ಚರಿಕೆ: ಲಿನಕ್ಸ್‌ನಲ್ಲಿ ರಿಸಾಲ್ವ್‌ನ ಉಚಿತ ಆವೃತ್ತಿ ಮೊಬೈಲ್‌ನ ಮಾಮೂಲಿ ಎಚ್.264 ವಿಡಿಯೊ ಫೈಲ್‌ಗಳನ್ನು ತೆರೆಯುವುದಿಲ್ಲ. ಫೈಲ್‌ಗಳನ್ನು ಮೊದಲೇ ಬೇರೆ ರೂಪಕ್ಕೆ ಪರಿವರ್ತಿಸಬೇಕು, ಇಲ್ಲವೇ ಕೆಡೆನ್‌ಲೈವ್ ಅನ್ನುವ ಉಚಿತ ಎಡಿಟಿಂಗ್ ತಂತ್ರಾಂಶ ಬಳಸಬೇಕು.

ಕೋಡಿಂಗ್‌ಗಾದರೆ 8 ಜಿಬಿ ರ್‍ಯಾಮ್ ಇರುವ ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಸಾಕು. ಎಡಿಟಿಂಗ್‌ಗೆ ಅದು ತಿಣುಕುತ್ತದೆ. ಆಗ ಪ್ರಾಕ್ಸಿ ಮಾಡಿಕೊಳ್ಳುವುದು ಕಲಿಯಿರಿ, ಅಂದರೆ ದೊಡ್ಡ ವಿಡಿಯೊದ ಹಗುರ ನಕಲು ಮಾಡಿ ಅದರ ಮೇಲೆ ಕತ್ತರಿಸುವುದು. ಪ್ರಾಕ್ಸಿ ಗೊತ್ತಿರುವ ಹೊಸಬರು ಸ್ಟುಡಿಯೊಗೆ ಇಷ್ಟವಾಗುತ್ತಾರೆ, ಏಕೆಂದರೆ ಅಸಿಸ್ಟೆಂಟ್ ಮಾಡುವ ಕೆಲಸವೇ ಅದು.

3. ಯಾರಿಗಾದರೂ ನಿಜವಾಗಿ ಬೇಕಾದದ್ದನ್ನು ಮಾಡಿ

ಹೆಚ್ಚಿನವರು ಎಡವುವುದು ಇಲ್ಲೇ. ಕೋರ್ಸ್ ಮುಗಿಸಿದ ಎಲ್ಲರ ಗಿಟ್‌ಹಬ್ (ಕೋಡ್ ಇಡುವ ತಾಣ) ಖಾತೆಯಲ್ಲೂ ಅದೇ ಟು-ಡು ಪಟ್ಟಿ, ಅದೇ ಹವಾಮಾನದ ಆ್ಯಪ್ ಇರುತ್ತದೆ. ಎಲ್ಲರ ಶೋರೀಲ್‌ನಲ್ಲೂ (ಮಾಡಿದ ಕೆಲಸದ ತುಣುಕುಗಳ ವಿಡಿಯೊ) ಅದೇ ಉಚಿತ ಡ್ರೋನ್ ದೃಶ್ಯ. ನೋಡುವವರಿಗೆ ಇದು ಅಭ್ಯಾಸದ ಪುಸ್ತಕ ಅಂತ ಒಂದೇ ಕ್ಷಣದಲ್ಲಿ ಗೊತ್ತಾಗುತ್ತದೆ.

ಅದರ ಬದಲು ನಿಮ್ಮೂರಿನ ಕಡೆ ನೋಡಿ. ನೀವು ಶಿರಸಿ, ಸಾಗರ, ತೀರ್ಥಹಳ್ಳಿ ಕಡೆಯವರು, ಕೋಡಿಂಗ್ ಕಲಿಯುತ್ತಿದ್ದೀರಿ ಅಂದುಕೊಳ್ಳಿ. ಮನೆಯಲ್ಲಿ ದಿನವೂ ಮಾತು ಶುರುವಾಗುವುದೇ ಅಡಿಕೆ ಧಾರಣೆಯಿಂದ. ಮಾರುಕಟ್ಟೆಗಳ ದಿನದ ದರ ಕೇಂದ್ರ ಸರ್ಕಾರದ ಮುಕ್ತ ದತ್ತಾಂಶ ತಾಣದಲ್ಲಿ ಸಿಗುತ್ತದೆ. ನೋಂದಾಯಿಸಿ ಕೀ (ನಿಮಗೆ ಮಾತ್ರ ಕೊಡುವ ಗುಪ್ತ ಸಂಕೇತ) ಪಡೆದರೆ ನಿಮ್ಮ ಪ್ರೋಗ್ರಾಂ ಅದನ್ನು ನೇರವಾಗಿ ಓದಬಹುದು. ಅದನ್ನು ತಂದು ಕನ್ನಡದಲ್ಲಿ, ಮೊಬೈಲ್‌ನಲ್ಲಿ ಬೇಗ ತೆರೆಯುವ ಒಂದೇ ಪುಟವಾಗಿ ತೋರಿಸಿ. ಗಿಟ್‌ಹಬ್ ಪೇಜಸ್‌ನಲ್ಲಿ ಅಂಥ ಪುಟವನ್ನು ಉಚಿತವಾಗಿ ಇಡಬಹುದು. ಕೀಯನ್ನು ಮಾತ್ರ ಪುಟದ ಕೋಡ್‌ನೊಳಗೆ ಬರೆಯಬೇಡಿ, ಅದು ಎಲ್ಲರಿಗೂ ಕಾಣುತ್ತದೆ. ದಿನಕ್ಕೊಮ್ಮೆ ದರ ತಂದು ಫೈಲ್‌ನಲ್ಲಿ ಉಳಿಸುವ ಕೆಲಸವನ್ನು ಗಿಟ್‌ಹಬ್‌ಗೇ ವಹಿಸಬಹುದು.

ಕೇಳಲು ಸುಲಭ, ಅಲ್ವಾ? ಮಾಡಲು ಕೂತಾಗ ನಿಜವಾದ ತೊಂದರೆಗಳು ಒಂದೊಂದಾಗಿ ಎದುರಾಗುತ್ತವೆ. ರಾಶಿ, ಬೆಟ್ಟೆ, ಗೊರಬಲು, ಸರಕು, ಚಾಲಿ ಅಂತ ಬಗೆಗಳು. ಎಲ್ಲವನ್ನೂ ಸೇರಿಸಿ ಸರಾಸರಿ ತೆಗೆದರೆ ಯಾವ ಬೆಳೆಗಾರರಿಗೂ ಉಪಯೋಗವಿಲ್ಲದ ಅಂಕಿ ಬರುತ್ತದೆ. ಭಾನುವಾರ ದರವೇ ಇರುವುದಿಲ್ಲ. ಆಗ ಸೊನ್ನೆ ತೋರಿಸುತ್ತೀರೋ, ಶನಿವಾರದ್ದನ್ನೇ ದಿನಾಂಕ ಸಮೇತ ತೋರಿಸುತ್ತೀರೋ? ಅನೇಕ ಊರುಗಳ ಹೆಸರು 2014ರಲ್ಲಿ ಬದಲಾಗಿದೆ. ಒಂದು ಕಡೆ ಶಿಮೊಗ, ಇನ್ನೊಂದು ಕಡೆ ಶಿವಮೊಗ್ಗ ಅಂತ ಬಂದರೆ ಎರಡು ಬೇರೆ ಊರು ಅಂದುಕೊಂಡು ಪುಟ ತಪ್ಪು ತೋರಿಸುತ್ತದೆ. ನೆಟ್‌ವರ್ಕ್ ಒಂದು ಗೆರೆ ಇರುವ ತೋಟದಲ್ಲಿ ತೆರೆಯುತ್ತದಾ? ಇಂಥದ್ದಕ್ಕೆಲ್ಲ ನೀವು ಏನು ತೀರ್ಮಾನ ಮಾಡಿದಿರಿ, ಯಾಕೆ ಅನ್ನುವುದನ್ನು ಸಂದರ್ಶನದಲ್ಲಿ ಹತ್ತು ನಿಮಿಷ ಮಾತಾಡಬಹುದು. ಟು-ಡು ಪಟ್ಟಿಯ ಬಗ್ಗೆ ಹತ್ತು ಸೆಕೆಂಡ್ ಮಾತಾಡಿ ನೋಡಿ.

ಎಡಿಟಿಂಗ್‌ನವರಿಗೆ ಊರಲ್ಲಿ ಕಚ್ಚಾ ಸಾಮಗ್ರಿ ಬೇಕಾದಷ್ಟಿದೆ. ಹೋಂಸ್ಟೇ, ಗಾಣದ ಎಣ್ಣೆ ಮಾಡುವವರು, ಯಕ್ಷಗಾನ ಸಂಘ, ಶಾಲಾ ವಾರ್ಷಿಕೋತ್ಸವ. ಮೂರು ಗಂಟೆಯ ರೆಕಾರ್ಡಿಂಗ್ ಯಾರದ್ದೋ ಫೋನ್‌ನಲ್ಲಿ ಸುಮ್ನೆ ಬಿದ್ದಿರುತ್ತದೆ. ಅದನ್ನು ಎರಡು ನಿಮಿಷಕ್ಕೆ ಇಳಿಸಿ. ಬಣ್ಣಕ್ಕಿಂತ ಮೊದಲು ಶಬ್ದ ಸರಿಮಾಡಿ. ಚಿತ್ರ ಸ್ವಲ್ಪ ಮಂಕಾಗಿದ್ದರೆ ಜನ ನೋಡುತ್ತಾರೆ, ಮಾತು ಕೇಳಿಸದಿದ್ದರೆ ಮುಂದಕ್ಕೆ ತಳ್ಳುತ್ತಾರೆ. ಸಿನಿಮಾ ಹಾಡನ್ನು ಹಿನ್ನೆಲೆಗೆ ಹಾಕಬೇಡಿ. ಹಕ್ಕುಸ್ವಾಮ್ಯದ ದೂರು ಬಂದು ವಿಡಿಯೊ ಹೋದರೆ ನಿಮ್ಮ ಸಾಕ್ಷಿಯೂ ಹೋಯಿತು. ಡಿಸೈನ್‌ನವರಿಗೆ ಬೇಕರಿಯ ದರಪಟ್ಟಿ, ಉಪ್ಪಿನಕಾಯಿ ಬಾಟಲಿಯ ಲೇಬಲ್. ಲೇಬಲ್ ಮಾಡುವಾಗ ತೂಕ, ಎಂಆರ್‌ಪಿ, ತಯಾರಿಸಿದ ದಿನಾಂಕ, ಎಫ್‌ಎಸ್‌ಎಸ್‌ಎಐ ಸಂಖ್ಯೆ ಎಲ್ಲಕ್ಕೂ ಜಾಗ ಬಿಡಬೇಕು. ಅದನ್ನು ಯೋಚಿಸಿ ಮಾಡಿದ ಲೇಬಲ್ ನೋಡಿದ ಕೂಡಲೇ ಇವರಿಗೆ ಕೆಲಸ ಗೊತ್ತಿದೆ ಅಂತ ಅರ್ಥವಾಗುತ್ತದೆ.

ಪರಿಚಯದವರಿಗೇ ಮಾಡಿದರೂ ನಿಜವಾದ ಗ್ರಾಹಕರಿಗೆ ಮಾಡಿದ ಹಾಗೆಯೇ ಮಾಡಿ. ಏನು ಬೇಕು ಅಂತ ವಾಟ್ಸ್‌ಆ್ಯಪ್‌ನಲ್ಲಿ ನಾಲ್ಕು ಸಾಲು ಬರೆದು ಅವರಿಂದ "ಸರಿ" ಅನ್ನಿಸಿಕೊಳ್ಳಿ. ತಾರೀಕು ಹೇಳಿ. ತಿದ್ದುಪಡಿ ಎರಡೇ ಸಲ ಅಂತ ಹೇಳಿ. ಅವರು ಏನು ತಿದ್ದಲು ಹೇಳಿದರು ಅನ್ನುವುದನ್ನು ಉಳಿಸಿಕೊಳ್ಳಿ, ಮುಂದೆ ಬಹಳ ಕೆಲಸಕ್ಕೆ ಬರುತ್ತದೆ. ದುಡ್ಡು ಕೇಳಿ, 500 ರೂಪಾಯಿ ಆದರೂ ಸರಿ. ಪುಕ್ಕಟೆ ಮಾಡಿದ್ದನ್ನು ಜನ ಬಳಸದೆ ಬಿಟ್ಟುಬಿಡುತ್ತಾರೆ. ನಿಮಗೆ ಬೇಕಾದದ್ದು ಅವರು ಬಳಸುವುದು.

4. ಕನ್ನಡ ಅಕ್ಷರ ಸರಿಯಾಗಿ ಮೂಡಿಸುವುದನ್ನು ಕಲಿಯಿರಿ

ಇದಕ್ಕೆ ಬೇರೆಯೇ ಜಾಗ ಕೊಟ್ಟಿರುವುದಕ್ಕೆ ಕಾರಣವಿದೆ. ಬೆಂಗಳೂರಿನಲ್ಲಿ ಫೋಟೊಶಾಪ್ ಬರುವವರು ಸಾವಿರಾರು ಜನ ಸಿಗುತ್ತಾರೆ. ಒತ್ತಕ್ಷರ ಒಡೆಯದೆ ಕನ್ನಡ ಪೋಸ್ಟರ್ ಮಾಡುವವರು ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ರಸ್ತೆ ಬದಿಯ ಫ್ಲೆಕ್ಸ್ ನೋಡಿದರೆ ಸಾಕು. ವತ್ತು ಒಂದು ಕಡೆ, ಅಕ್ಷರ ಒಂದು ಕಡೆ. ದೊಡ್ಡ ಬ್ರ್ಯಾಂಡ್‌ಗಳ ಜಾಹೀರಾತಿನಲ್ಲೂ ಇದು ಕಾಣುತ್ತದೆ.

ಅಡೋಬಿ ತಂತ್ರಾಂಶಗಳಲ್ಲಿ ಹೀಗಾಗಲು ಸಾಮಾನ್ಯ ಕಾರಣ ಒಂದೇ ಒಂದು ಆಯ್ಕೆ. ಇನ್‌ಡಿಸೈನ್‌ನಲ್ಲಿ ಪ್ಯಾರಾಗ್ರಾಫ್ ಕಂಪೋಸರ್ ಅನ್ನು ವರ್ಲ್ಡ್-ರೆಡಿಗೆ ಬದಲಿಸಬೇಕು. ಪ್ರೀಮಿಯರ್‌ನಲ್ಲಿ ಪ್ರೆಫರೆನ್ಸಸ್‌ನ ಗ್ರಾಫಿಕ್ಸ್ ವಿಭಾಗಕ್ಕೆ ಹೋಗಿ ಟೆಕ್ಸ್ಟ್ ಎಂಜಿನ್ ಅನ್ನು ಸೌತ್ ಏಷ್ಯನ್ ಇರುವ ಆಯ್ಕೆಗೆ ಬದಲಿಸಬೇಕು. ಇದು ಗೊತ್ತಿಲ್ಲದೆ ಎಷ್ಟೋ ಜನ ಬೇರೆ ಕಡೆ ಕನ್ನಡ ಬರೆದು, ಚಿತ್ರ ಮಾಡಿ, ತಂದು ಅಂಟಿಸುತ್ತಾರೆ. ಆಮೇಲೆ ಒಂದು ಕಾಗುಣಿತ ತಿದ್ದಬೇಕಾದರೆ ಮತ್ತೆ ಮೊದಲಿನಿಂದ.

ಎರಡನೆಯದು ಎನ್‌ಕೋಡಿಂಗ್, ಅಂದರೆ ಅಕ್ಷರವನ್ನು ಕಂಪ್ಯೂಟರ್ ಯಾವ ಸಂಕೇತವಾಗಿ ಉಳಿಸುತ್ತದೆ ಅನ್ನುವುದು. ಅನೇಕ ಪ್ರೆಸ್‌ಗಳಲ್ಲಿ, ಡಿಟಿಪಿ ಅಂಗಡಿಗಳಲ್ಲಿ ನುಡಿ ಅಥವಾ ಬರಹ ಅನ್ನುವ ಟೈಪಿಂಗ್ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲ್‌ಗಳು ಇನ್ನೂ ಓಡಾಡುತ್ತಿವೆ. ಫಾಂಟ್ ತೆಗೆದರೆ ಅದು ಇಂಗ್ಲಿಷ್ ಅಕ್ಷರಗಳ ಗೋಜಲು. ವೆಬ್‌ಗೆ, ಮೊಬೈಲ್‌ಗೆ ಯೂನಿಕೋಡ್ ಬೇಕು. ಒಂದರಿಂದ ಇನ್ನೊಂದಕ್ಕೆ ಬದಲಿಸಿ, ಬದಲಾವಣೆಯಲ್ಲಿ ಕೆಟ್ಟ ಅರ್ಕಾವತ್ತು, ಅಂಕಿಗಳನ್ನು ಕಣ್ಣಿಟ್ಟು ತಿದ್ದುವವರಿಗೆ ಪ್ರಕಾಶಕರ ಹತ್ತಿರ ಕೆಲಸವಿದೆ.

ಫಾಂಟ್‌ಗೆ ದುಡ್ಡು ಕೊಡಬೇಕಿಲ್ಲ. ಗೂಗಲ್ ಫಾಂಟ್ಸ್‌ನಲ್ಲಿ ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, ಬಲೂ ತಮ್ಮ, ತಿರೊ ಕನ್ನಡ, ಬೆಣ್ಣೆ, ಹುಬ್ಬಳ್ಳಿ ಎಲ್ಲ ಇವೆ, ವಾಣಿಜ್ಯ ಕೆಲಸಕ್ಕೂ ಬಳಸಬಹುದು. ಇಂಗ್ಲಿಷ್‌ಗೆ ಇಟ್ಟ ಸಾಲಿನ ಅಂತರವನ್ನೇ ಕನ್ನಡಕ್ಕೂ ಇಟ್ಟರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಂತರ ಹೆಚ್ಚಿಸಿ.

ಕೋಡಿಂಗ್‌ನವರು ಇದು ಡಿಸೈನ್‌ನವರ ಪಾಡು ಅಂದುಕೊಳ್ಳಬೇಡಿ. "ರಾಜ್‌ಕುಮಾರ್" ಅಂತ ಬರೆಯುವಾಗ ಜ್ ಮತ್ತು ಕು ನಡುವೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಸಂಕೇತ ಇರುತ್ತದೆ. ಅದಿಲ್ಲದಿದ್ದರೆ "ರಾಜ್ಕುಮಾರ್" ಆಗುತ್ತದೆ. ಹೆಸರನ್ನು ಒಬ್ಬರು ಸಂಕೇತ ಹಾಕಿ ಟೈಪ್ ಮಾಡಿರುತ್ತಾರೆ, ಇನ್ನೊಬ್ಬರು ಹಾಕದೆ ಹುಡುಕುತ್ತಾರೆ. ಹೆಸರು ಸಿಗುವುದಿಲ್ಲ. ಕನ್ನಡ ಇರುವ ಯಾವುದಾದರೂ ಆ್ಯಪ್ ತೆಗೆದುಕೊಂಡು ಇಂಥ ನಾಲ್ಕು ದೋಷ ಹುಡುಕಿ. ಏನು ಮಾಡಿದಾಗ ಏನಾಯಿತು, ಏನಾಗಬೇಕಿತ್ತು ಅಂತ ಪರದೆಯ ಚಿತ್ರದ ಜೊತೆ ಬರೆದಿಡಿ. ಟೆಸ್ಟಿಂಗ್ ಕೆಲಸಕ್ಕೆ ಇದಕ್ಕಿಂತ ಒಳ್ಳೆ ಅರ್ಜಿ ನನಗೆ ತೋಚುವುದಿಲ್ಲ.

5. ತೋರಿಸುವ ಪುಟ

ಮೂರು ಕೆಲಸ ಸಾಕು. ಹತ್ತು ಹಾಕಿದರೆ ನೋಡುವವರು ಎಲ್ಲಕ್ಕಿಂತ ಕೆಟ್ಟದ್ದನ್ನೇ ನೆನಪಿಟ್ಟುಕೊಳ್ಳುತ್ತಾರೆ. ಪ್ರತಿ ಕೆಲಸದ ಕೆಳಗೆ ಮೂರು ಸಾಲು: ಯಾರಿಗಾಗಿ, ತೊಂದರೆ ಏನಿತ್ತು, ಅದರಲ್ಲಿ ನೀವು ಮಾಡಿದ್ದು ಯಾವುದು. ಗುಂಪಿನಲ್ಲಿ ಮಾಡಿದ್ದರೆ ನಿಮ್ಮ ಪಾಲು ಎಷ್ಟು ಅಂತ ಬಿಡಿಸಿ ಹೇಳಿ. ಕಿರುಚಿತ್ರಕ್ಕೆ ಸಬ್‌ಟೈಟಲ್ ಮಾತ್ರ ಹಾಕಿ "ಎಡಿಟರ್" ಅಂತ ಬರೆದುಕೊಂಡರೆ, ಆ ನಿರ್ದೇಶಕರು ಯಾರಿಗೋ ಪರಿಚಯ ಇದ್ದೇ ಇರುತ್ತಾರೆ.

ಶೋರೀಲ್ ಒಂದು ನಿಮಿಷ ಮೀರಬಾರದು. ಚೆನ್ನಾಗಿರುವುದು ಮೊದಲ ಐದು ಸೆಕೆಂಡ್‌ನಲ್ಲೇ ಬರಲಿ. ಹೆಸರು ತಿರುಗುತ್ತಾ ಬರುವ ಟೈಟಲ್ ಬೇಡ. ಕೋಡ್ ಆದರೆ ಓಡುತ್ತಿರುವ ಪುಟದ ಲಿಂಕ್ ಮೊದಲು, ಗಿಟ್‌ಹಬ್ ಆಮೇಲೆ.

ಇನ್ನೊಂದು ಮಾತು, ಬಹಳ ಸಣ್ಣದು. ಗೂಗಲ್ ಡ್ರೈವ್ ಲಿಂಕ್ ಕಳಿಸುವ ಮುನ್ನ ಬೇರೆಯವರ ಫೋನ್‌ನಲ್ಲಿ ತೆರೆದು ನೋಡಿ. "ಅನುಮತಿ ಕೇಳಿ" ಅಂತ ಬಂದರೆ ಅಲ್ಲಿಗೆ ಮುಗಿಯಿತು. ಯಾರೂ ಅನುಮತಿ ಕೇಳಿ ಕಾಯುವುದಿಲ್ಲ, ಮುಂದಿನ ಅರ್ಜಿಗೆ ಹೋಗುತ್ತಾರೆ. ರೆಸ್ಯೂಮೆ ಒಂದೇ ಪುಟ, ಪಿಡಿಎಫ್, ಫೈಲ್‌ಗೆ ನಿಮ್ಮ ಹೆಸರು. ಆನ್‌ಲೈನ್ ಕೋರ್ಸ್‌ಗಳ ಸರ್ಟಿಫಿಕೇಟ್ ಕೊನೆಯ ಸಾಲಿನಲ್ಲಿರಲಿ.

6. ಎಲ್ಲಿ ಹುಡುಕುವುದು, ಯಾರಿಗೆ ಬರೆಯುವುದು

ನೌಕ್ರಿ, ಲಿಂಕ್ಡ್‌ಇನ್, ಇಂಟರ್ನ್‌ಶಾಲಾ ಎಲ್ಲರಿಗೂ ಗೊತ್ತು. ಅರ್ಜಿ ಹಾಕಿ, ಆದರೆ ಅದೊಂದನ್ನೇ ನಂಬಿ ಕೂರಬೇಡಿ. ಅಲ್ಲಿ ಒಂದು ಹುದ್ದೆಗೆ ನೂರಾರು ಅರ್ಜಿ ಬಿದ್ದಿರುತ್ತದೆ. ಅನುಭವದ ಕಾಲಂ ಖಾಲಿ ಇರುವವರನ್ನು ಮೊದಲ ಜರಡಿಯೇ ಕೆಳಗೆ ಬಿಡುತ್ತದೆ. ನಿಮ್ಮ ಕೆಲಸವನ್ನು ಯಾರೂ ನೋಡಿಯೇ ಇರುವುದಿಲ್ಲ.

ಕೆಲಸ ನೋಡುವ ಮನುಷ್ಯರ ಹತ್ತಿರ ಹೋಗಬೇಕು. ಕೋಡಿಂಗ್‌ನವರಿಗೆ ಬೆಂಗಳೂರಿನಲ್ಲಿ ಬ್ಯಾಂಗ್‌ಪೈಪರ್ಸ್ ಅನ್ನುವ ಪೈಥಾನ್ ಬಳಗ, ಮುಕ್ತ ತಂತ್ರಾಂಶದವರ ಸಂಘಟನೆಯಾದ ಫಾಸ್ ಯುನೈಟೆಡ್ ನಡೆಸುವ ಸಭೆಗಳು ಇವೆ. ಸುಮ್ನೆ ಹೋಗಿ ಕೂತು ಬರಬೇಡಿ. ಐದು ನಿಮಿಷದ ಲೈಟ್ನಿಂಗ್ ಟಾಕ್‌ಗೆ ಅವಕಾಶವಿದ್ದರೆ ನಿಮ್ಮ ಅಡಿಕೆ ಪುಟ ತೋರಿಸಿ. ದೂರದಲ್ಲಿದ್ದರೆ ಮುಕ್ತ ತಂತ್ರಾಂಶಗಳಿಗೆ ಕೈಜೋಡಿಸಬಹುದು. ಮುಕ್ತ ತಂತ್ರಾಂಶಗಳಿಗೆ ಹೊಸಬರಿಂದ ಕೋಡ್ ಬರೆಸುವ, 2005ರಲ್ಲಿ ಶುರುವಾದ ಗೂಗಲ್ ಸಮ್ಮರ್ ಆಫ್ ಕೋಡ್ ಕಾರ್ಯಕ್ರಮ 2022ರಿಂದ ವಿದ್ಯಾರ್ಥಿಗಳಲ್ಲದ ಹೊಸಬರಿಗೂ ತೆರೆದಿದೆ, 18 ವರ್ಷ ತುಂಬಿರಬೇಕು, ಕೆಲಸಕ್ಕೆ ಸ್ಟೈಪೆಂಡ್ ಇದೆ. ತಂತ್ರಜ್ಞಾನದಲ್ಲಿ ಅವಕಾಶ ಕಡಿಮೆ ಸಿಕ್ಕಿರುವ ಸಮುದಾಯದವರಿಗೆ ಔಟ್‌ರೀಚಿ ಅನ್ನುವ ಇನ್ನೊಂದು ಕಾರ್ಯಕ್ರಮವಿದೆ. ಅದರಲ್ಲಿ ಕೋಡ್ ಬರೆಯದವರಿಗೂ ಡಿಸೈನ್, ದಾಖಲೆ ಬರವಣಿಗೆಯ ಕೆಲಸ ಸಿಗುತ್ತದೆ. ಗೂಗಲ್‌ನದ್ದಕ್ಕೆ ಅರ್ಜಿ ಹಾಕುವ ಮೊದಲೇ ನೀವು ಆರಿಸಿದ ತಂತ್ರಾಂಶದಲ್ಲಿ ಸಣ್ಣ ಕೆಲಸ ಮಾಡಿದ್ದರೆ ಒಳ್ಳೆಯದು. ಔಟ್‌ರೀಚಿಯಲ್ಲಿ ಮೊದಲ ಅರ್ಜಿ ಒಪ್ಪಿಗೆಯಾದ ಮೇಲೆ, ಅವರು ಹೇಳಿದ ಅವಧಿಯಲ್ಲಿ ಅಂಥ ಕೆಲಸ ಮಾಡಿ ತೋರಿಸಬೇಕು. ಒಂದು ಅಕ್ಷರ ಬದಲಿಸಿ "ಕೊಡುಗೆ ಕೊಟ್ಟೆ" ಅನ್ನುವ ಆಟ ಬೇಡ. ಯಾರೋ ವರದಿ ಮಾಡಿದ ದೋಷ ನಿಮ್ಮ ಯಂತ್ರದಲ್ಲೂ ಬರುತ್ತದಾ ಅಂತ ಪರೀಕ್ಷಿಸಿ ಬರೆದರೆ ಅದೇ ದೊಡ್ಡ ಸಹಾಯ.

ಸಿನಿಮಾ, ಧಾರಾವಾಹಿ ಕಡೆ ಹೋಗುವವರು ಚಿತ್ರದ ಕೊನೆಯ ಹೆಸರುಗಳ ಪಟ್ಟಿಯನ್ನು ನಿಲ್ಲಿಸಿ ಓದಿ. ಎಡಿಟರ್‌ಗೆ ಮೆಸೇಜ್ ಮಾಡುವವರು ನೂರು ಜನ. ಅವರ ಕೆಳಗಿನ ಅಸೋಸಿಯೇಟ್‌ಗೆ ಮಾಡುವವರು ಕಡಿಮೆ. ಕೈಕೆಳಗೆ ಒಬ್ಬರು ಬೇಕು ಅಂತ ಮೊದಲು ಗೊತ್ತಾಗುವುದು ಆ ಅಸೋಸಿಯೇಟ್‌ಗೇ. ಕ್ರಮವಾಗಿ ಕಲಿತು ಬರುತ್ತೇನೆ ಅನ್ನುವವರಿಗೆ ಹೆಸರಘಟ್ಟದಲ್ಲಿ ಸರ್ಕಾರಿ ಚಲನಚಿತ್ರ ಮತ್ತು ಟಿವಿ ಸಂಸ್ಥೆ ಇದೆ.

ಮೆಸೇಜ್ ಹೇಗಿರಬೇಕು? "ಸರ್, ನನಗೆ ಒಂದು ಅವಕಾಶ ಕೊಡಿ, ಎಷ್ಟು ಕಷ್ಟ ಬೇಕಾದರೂ ಪಡುತ್ತೇನೆ" ಅಂತ ಬೇಡ. ಹೀಗೆ ಬರೆಯಬಹುದು:

"ನಮಸ್ಕಾರ ಮೇಡಂ. ನೀವು ಮಾಡಿದ ಕಾಫಿ ತೋಟದ ಸರಣಿ ನೋಡಿದೆ. ಮೂರನೇ ಕಂತಿನಲ್ಲಿ ಮಳೆಯ ಶಬ್ದ ಇಟ್ಟುಕೊಂಡೇ ಮಾತು ಕೇಳಿಸುವ ಹಾಗೆ ಮಾಡಿದ್ದು ಇಷ್ಟವಾಯಿತು. ನಾನು ರಿಸಾಲ್ವ್‌ನಲ್ಲಿ ಎಡಿಟ್ ಮಾಡುತ್ತೇನೆ, ಕನ್ನಡ ಸಬ್‌ಟೈಟಲ್ ತಪ್ಪಿಲ್ಲದೆ ಹಾಕುತ್ತೇನೆ. ನಮ್ಮೂರಿನ ಹೋಂಸ್ಟೇ ಒಂದಕ್ಕೆ ಮಾಡಿದ 2 ನಿಮಿಷದ ವಿಡಿಯೊ ಇಲ್ಲಿದೆ, ಅವರು ಈಗ ಅದನ್ನೇ ಬಳಸುತ್ತಿದ್ದಾರೆ. ಮುಂದಿನ ತಿಂಗಳಿಂದ ಬೆಂಗಳೂರಿನಲ್ಲಿರುತ್ತೇನೆ. ಒಂದು ಸಣ್ಣ ಕೆಲಸ ಕೊಟ್ಟು ನೋಡಬಹುದೇ?"

ಉತ್ತರ ಬರದಿದ್ದರೆ ಒಂದು ವಾರ ಬಿಟ್ಟು ಇನ್ನೊಮ್ಮೆ ಬರೆಯಿರಿ. ಮೂರನೇ ಸಲ ಬೇಡ. ಹೊಸ ಕೆಲಸ ಮಾಡಿದಾಗ ಅದರ ಲಿಂಕ್ ಜೊತೆ ಬರೆದರೆ ಪರವಾಗಿಲ್ಲ.

7. ಅಪ್ರೆಂಟಿಸ್ ದಾರಿಯನ್ನು ಮರೆಯಬೇಡಿ

ಇದು ಯಾಕೋ ನಮ್ಮವರಿಗೆ ನೆನಪೇ ಬರುವುದಿಲ್ಲ. 1961ರ ಅಪ್ರೆಂಟಿಸ್ ಕಾಯ್ದೆಯಡಿ 30 ಅಥವಾ ಹೆಚ್ಚು ಜನ ಇರುವ ಕಂಪನಿಗಳು ಹೊಸಬರನ್ನು ತರಬೇತಿಗೆ ತೆಗೆದುಕೊಂಡು ಸ್ಟೈಪೆಂಡ್ ಕೊಡಬೇಕು. ಪದವಿ, ಡಿಪ್ಲೊಮಾ ಆದವರಿಗೆ ನ್ಯಾಟ್ಸ್ ಅನ್ನುವ ಕೇಂದ್ರದ ಯೋಜನೆ ಇದೆ. ನಿಗದಿ ಮಾಡಿದ ಕನಿಷ್ಠ ಸ್ಟೈಪೆಂಡ್‌ನ ಅರ್ಧವನ್ನು ಸರ್ಕಾರವೇ ಭರಿಸುತ್ತದೆ, ಹಾಗಾಗಿ ಕಂಪನಿಗೂ ಹಗುರ. ಎಂಜಿನಿಯರಿಂಗ್ ಅಲ್ಲದ ಪದವೀಧರರೂ ನೋಂದಾಯಿಸಬಹುದು. ಮುಗಿದಾಗ ಸಿಗುವ ಪ್ರಮಾಣಪತ್ರವನ್ನು ಅನುಭವ ಅಂತಲೇ ತೋರಿಸಬಹುದು.

ಕೈಕೆಲಸದ ತಾಂತ್ರಿಕತೆ ಇಷ್ಟವಿರುವವರಿಗೆ ಜಿಟಿಟಿಸಿ, ಅಂದರೆ ಸರ್ಕಾರಿ ಟೂಲ್ ರೂಂ ಮತ್ತು ತರಬೇತಿ ಕೇಂದ್ರ ಇದೆ. ಡೆನ್ಮಾರ್ಕ್ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಈ ಟೂಲ್ ರೂಂಗೆ ಈಗ ರಾಜ್ಯದ ಹಲವು ಜಿಲ್ಲೆಗಳಲ್ಲಿ ಕೇಂದ್ರಗಳಿವೆ. ಸಿಎನ್‌ಸಿ (ಕಂಪ್ಯೂಟರ್ ನಡೆಸುವ) ಯಂತ್ರದ ಮುಂದೆ ನಿಂತು ಕಲಿತು ಬಂದವರನ್ನು ಪೀಣ್ಯದಲ್ಲಿ ಯಾರೂ ಪೋರ್ಟ್‌ಫೋಲಿಯೊ ಕೇಳುವುದಿಲ್ಲ.

ಕೆಲಸ ಹುಡುಕುವ ತಿಂಗಳುಗಳಿಗೆ ರಾಜ್ಯದ ಯುವನಿಧಿ ಸಹಾಯವಾಗಬಹುದು. ತೇರ್ಗಡೆಯಾಗಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾದವರಿಗೆ 1,500 ರೂಪಾಯಿ, ಗರಿಷ್ಠ 2 ವರ್ಷ. ಅರ್ಹತೆಯ ವರ್ಷ, ದಾಖಲೆಗಳನ್ನು ಸೇವಾಸಿಂಧುವಿನಲ್ಲಿ ನೋಡಿಕೊಳ್ಳಿ.

8. ಟೆಸ್ಟ್ ಮತ್ತು ಸಂದರ್ಶನ

ಟೆಸ್ಟ್ ಅಂತ ಒಂದು ಸಣ್ಣ ಕೆಲಸ ಕೊಡುವುದು ಸಹಜ. ಅರ್ಧ ದಿನದಲ್ಲಿ ಮುಗಿಯುವಂಥದ್ದಾದರೆ ಮಾಡಿ. "ನಮ್ಮ ಗ್ರಾಹಕರಿಗೆ ಹತ್ತು ಪೋಸ್ಟರ್ ಮಾಡಿ, ಆಮೇಲೆ ನೋಡೋಣ" ಅಂದರೆ ಅದು ಟೆಸ್ಟ್ ಅಲ್ಲ, ಪುಕ್ಕಟೆ ದುಡಿಮೆ. ಒಂದು ಮಾಡಿ ಕೊಟ್ಟು, ಉಳಿದದ್ದಕ್ಕೆ ದರ ಎಷ್ಟು ಅಂತ ವಿನಯದಿಂದ ಕೇಳಿ. ಕೇಳಿದ ಕೂಡಲೇ ಕಾಣೆಯಾದರೆ ನಿಮಗೇ ಒಳ್ಳೆಯದು.

ಅನುಭವ ಎಷ್ಟು ಅಂತ ಕೇಳಿದಾಗ "ಇಲ್ಲ ಸರ್" ಅಂತ ತಲೆ ತಗ್ಗಿಸಬೇಡಿ. ಸುಳ್ಳೂ ಹೇಳಬೇಡಿ. ಈ ಹೊತ್ತಿಗೇ ನೀವು ಉಳಿಸಿಕೊಂಡ ತಿದ್ದುಪಡಿಗಳು ಬೇಕಾಗುವುದು. "ಕಂಪನಿಯಲ್ಲಿ ಮಾಡಿಲ್ಲ. ಹೋಂಸ್ಟೇಯವರಿಗೆ ಮಾಡಿದಾಗ ಮೊದಲ ಕಟ್ ಅವರಿಗೆ ಉದ್ದ ಅನ್ನಿಸಿತು, ಅಡುಗೆಮನೆಯ ಭಾಗ ಮೊದಲು ಬರಲಿ ಅಂದರು, ಬದಲಿಸಿದೆ, ಯಾಕೆ ಚೆನ್ನಾಯಿತು ಅಂದರೆ..." ಅಂತ ಶುರುಮಾಡಿ.

ಎಐ ಬಳಸಿದ್ದರೆ ಮುಚ್ಚಿಡಬೇಡಿ, ಎಲ್ಲರೂ ಬಳಸುತ್ತಾರೆ. ಆದರೆ ನಿಮ್ಮ ಕೋಡ್‌ನ ಯಾವ ಸಾಲು ತೋರಿಸಿ ಕೇಳಿದರೂ ಅದು ಅಲ್ಲಿ ಯಾಕಿದೆ ಅಂತ ಹೇಳಲು ಬರಬೇಕು. ಇಂಗ್ಲಿಷ್ ಭಯ ಇರುವವರು ಪೂರ್ತಿ ಇಂಗ್ಲಿಷ್ ಕಲಿಯಲು ಹೊರಡುವುದು ಬೇಡ. ನಿಮ್ಮ ಮೂರು ಕೆಲಸಗಳನ್ನು ತಲಾ ಎರಡು ನಿಮಿಷ ಇಂಗ್ಲಿಷ್‌ನಲ್ಲಿ ವಿವರಿಸುವುದನ್ನು ಫೋನ್‌ನಲ್ಲಿ ರೆಕಾರ್ಡ್ ಮಾಡಿ, ಕೇಳಿ, ಮತ್ತೆ ಹೇಳಿ. ಸಂದರ್ಶನದ ಬಹುಪಾಲು ಅದರ ಸುತ್ತಲೇ ತಿರುಗುತ್ತದೆ.

9. ದುಡ್ಡು, ಮೋಸ, ಬಾಂಡ್

ಕೆಲಸ ಕೊಡುವವರು ನಿಮಗೆ ದುಡ್ಡು ಕೊಡಬೇಕು. ನೋಂದಣಿ ಶುಲ್ಕ, ಲ್ಯಾಪ್‌ಟಾಪ್ ಡೆಪಾಸಿಟ್, ತರಬೇತಿ ಫೀಸು ಅಂತ ಅವರೇ ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ಟೆಲಿಗ್ರಾಂನಲ್ಲಿ ಲೈಕ್ ಒತ್ತುವ "ಟಾಸ್ಕ್" ಕೊಟ್ಟು ಮೊದಲು ನೂರಿನ್ನೂರು ಹಾಕಿ ಆಮೇಲೆ ಸಾವಿರಗಟ್ಟಲೆ ಕಟ್ಟಿಸಿಕೊಳ್ಳುವುದು, ಡೇಟಾ ಎಂಟ್ರಿಯಲ್ಲಿ ತಪ್ಪು ಮಾಡಿದ್ದೀರಿ ಅಂತ ವಕೀಲರ ನೋಟಿಸ್ ಕಳಿಸಿ ಹೆದರಿಸುವುದು, ಎರಡೂ ಹಳೆಯ ಮೋಸಗಳು. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಜಾಸ್ತಿ.

ಮೂಲ ಅಂಕಪಟ್ಟಿಗಳನ್ನು ಯಾರ ಬಳಿಯೂ ಬಿಡಬೇಡಿ. ಬಾಂಡ್‌ಗೆ, ಅಂದರೆ ಇಷ್ಟು ಕಾಲ ಕೆಲಸ ಬಿಡುವುದಿಲ್ಲ ಅನ್ನುವ ಒಪ್ಪಂದಕ್ಕೆ, ಸಹಿ ಹಾಕುವ ಮೊದಲು ಓದಿ. "ಬಾಂಡ್ ಕೋರ್ಟಲ್ಲಿ ನಿಲ್ಲಲ್ಲ ಬಿಡು" ಅಂತ ಗೆಳೆಯರು ಹೇಳುತ್ತಾರೆ. ಆದರೆ 2025ರ ಮೇ ತಿಂಗಳಲ್ಲಿ ಸರ್ಕಾರಿ ಬ್ಯಾಂಕೊಂದರ ಪ್ರಕರಣದಲ್ಲಿ, ಮೂರು ವರ್ಷಕ್ಕೆ ಮೊದಲು ಬಿಟ್ಟರೆ 2 ಲಕ್ಷ ಕಟ್ಟಬೇಕೆಂಬ ಷರತ್ತನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಎಲ್ಲ ಬಾಂಡ್‌ಗೂ ಇದೇ ಅನ್ವಯ ಅಂತಲ್ಲ, ಆದರೆ ಕಾಗದವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಎಷ್ಟು ತಿಂಗಳು, ಎಷ್ಟು ಮೊತ್ತ, ಅವರೇ ತೆಗೆದುಹಾಕಿದರೆ ಏನು? ಈ ಮೂರಕ್ಕೂ ಬರಹದಲ್ಲಿ ಉತ್ತರ ಇರಬೇಕು.

ಫ್ರೀಲ್ಯಾನ್ಸ್ ಕೆಲಸಕ್ಕೆ ಅರ್ಧ ಮುಂಗಡ ಕೇಳಿ. ಕಂಪನಿಗಳು ನಿಮ್ಮ ಬಿಲ್‌ನಲ್ಲಿ 10% ಟಿಡಿಎಸ್ (ಹಣ ಕೊಡುವಾಗಲೇ ಕಡಿತ ಮಾಡುವ ಆದಾಯ ತೆರಿಗೆ) ಹಿಡಿದರೆ ಗಾಬರಿ ಬೇಡ. ವರ್ಷದ ಆದಾಯ ತೆರಿಗೆ ಮಿತಿಯೊಳಗಿದ್ದರೆ ರಿಟರ್ನ್ಸ್ ಸಲ್ಲಿಸಿ ವಾಪಸ್ ಪಡೆಯಬಹುದು. ಅದಕ್ಕೆ ಪ್ಯಾನ್ ಬೇಕು, ಇಲ್ಲದಿದ್ದರೆ ಇನ್ನೂ ಜಾಸ್ತಿ ಹಿಡಿಯುತ್ತಾರೆ. ಸೇವೆಗಳಿಗೆ ಜಿಎಸ್‌ಟಿ ನೋಂದಣಿಯ ಯೋಚನೆ ಸಾಮಾನ್ಯವಾಗಿ ವರ್ಷಕ್ಕೆ 20 ಲಕ್ಷ ವಹಿವಾಟು ಮೀರಿದಾಗ.

ಮೊದಲ ಕೆಲಸ ಸಿಕ್ಕಿತು ಅಂದುಕೊಳ್ಳಿ. ಅಲ್ಲಿ ಮಾಡಿದ್ದನ್ನು ನಿಮ್ಮ ಪುಟದಲ್ಲಿ ತೋರಿಸಬಹುದಾ, ಯಾವಾಗಿನಿಂದ ತೋರಿಸಬಹುದು ಅಂತ ಸೇರಿದ ವಾರವೇ ಇಮೇಲ್‌ನಲ್ಲಿ ಕೇಳಿ ಇಟ್ಟುಕೊಳ್ಳಿ. ಬಿಡುವ ದಿನ ಕೇಳಿದರೆ ಯಾರೂ ಸುಲಭವಾಗಿ ಹೂಂ ಅನ್ನುವುದಿಲ್ಲ.